ಚಾರ್ಲ್ಸ್ ಎಫ್. ಕೆಟರಿಂಗ್

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ (ಆಗಸ್ಟ್ 29, 1876 – ನವೆಂಬರ್ 25, 1958) ಅಮೆರಿಕ ಸಂಯುಕ್ತ ಸಂಸ್ಥಾನದ ಎಂಜಿನಿಯರ್, ಆವಿಷ್ಕಾರಕ ಹಾಗೂ ಉದ್ಯಮಿ. ಬ್ಯಾಟರಿ ಮತ್ತು ಕಾಯಿಲ್ ಆಧಾರಿತ ದಹನ ವ್ಯವಸ್ಥೆ (ಇಗ್ನಿಷನ್) ಹಾಗೂ ಮೋಟಾರು ಕಾರಿನ ವಿದ್ಯುತ್ ಸೆಲ್ಫ್ ಸ್ಟಾರ್ಟರ್‌ಗಳನ್ನು ಬಳಕೆಗೆ ತಂದವರೆಂದು ಇವರು ಪ್ರಸಿದ್ಧರು. ಡೆಲ್ಕೊ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಇವರು 1920ರಿಂದ 1947ರವರೆಗೆ ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಇವರ ಹೆಸರಿನಲ್ಲಿ 186 ಪೇಟೆಂಟ್‌ಗಳಿವೆ.

ಎಂಜಿನ್ ಮಿಸ್ಸಿಂಗ್ ಹೊಡೆಯುವುದು, ಬಡಿತದ ಸದ್ದು ಮಾಡುವುದು (ನಾಕಿಂಗ್), ಏರಿನಲ್ಲಿ ಶಕ್ತಿ ಕುಂದುವುದು ಮೊದಲಾದ ದೋಷಗಳ ಮೂಲವನ್ನು ಊಹೆಯಿಂದಲ್ಲದೆ ಪ್ರಯೋಗದಿಂದ ಪತ್ತೆ ಹಚ್ಚುವ ಕ್ರಮವನ್ನು ಬೆಳೆಸಿದವರಲ್ಲಿ ಕೆಟರಿಂಗ್ ಪ್ರಮುಖರು. ಇದೇ ಹುಡುಕಾಟವು ಸೀಸಯುಕ್ತ ಪೆಟ್ರೋಲಿನ ಆವಿಷ್ಕಾರಕ್ಕೂ ಕಾರಣವಾಯಿತು. ಅದು ಎಂಜಿನ್ನಿನ ದೋಷವನ್ನು ನಿವಾರಿಸಿತಾದರೂ ಜಗತ್ತಿನಾದ್ಯಂತ ಗಾಳಿ ಮತ್ತು ಮಣ್ಣಿಗೆ ಸೀಸದ ವಿಷವನ್ನು ಸೇರಿಸಿತು. ಈ ಕಾರಣದಿಂದ ಕೆಟರಿಂಗ್ ಅವರ ಸಾಧನೆಯ ಮೌಲ್ಯಮಾಪನ ಇಂದಿಗೂ ಚರ್ಚೆಯ ವಿಷಯವಾಗಿದೆ.

## ಬಾಲ್ಯ ಮತ್ತು ವಿದ್ಯಾಭ್ಯಾಸ

ಕೆಟರಿಂಗ್ ಓಹಾಯೋ ರಾಜ್ಯದ ಲೌಡನ್‌ವಿಲ್ ಸಮೀಪದ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜೇಕಬ್ ಕೆಟರಿಂಗ್, ತಾಯಿ ಮಾರ್ಥಾ ಹಂಟರ್. ಐವರು ಮಕ್ಕಳಲ್ಲಿ ಇವರು ನಾಲ್ಕನೆಯವರು. ಚಿಕ್ಕಂದಿನಿಂದಲೂ ದೃಷ್ಟಿದೋಷ ಮತ್ತು ತೀವ್ರ ತಲೆನೋವು ಇವರನ್ನು ಬಾಧಿಸುತ್ತಿದ್ದವು. ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿ ದುಡಿದ ನಂತರ ವೂಸ್ಟರ್ ಕಾಲೇಜಿನಲ್ಲಿಯೂ ಬಳಿಕ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು.

ಕಣ್ಣಿನ ತೊಂದರೆ ಹೆಚ್ಚಾದುದರಿಂದ ಓದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆ ಅವಧಿಯಲ್ಲಿ ದೂರವಾಣಿ ತಂತಿ ಎಳೆಯುವ ತಂಡದಲ್ಲಿ ಕೆಲಸಕ್ಕೆ ಸೇರಿ ಅದರ ಮೇಸ್ತ್ರಿಯಾದರು. ತಂತಿ, ಬ್ಯಾಟರಿ, ರಿಲೇಗಳ ಪ್ರಾಯೋಗಿಕ ಪರಿಚಯ ಇವರಿಗೆ ದೊರೆತದ್ದು ಇಲ್ಲಿಯೇ. ಪುನಃ ವಿಶ್ವವಿದ್ಯಾಲಯಕ್ಕೆ ಮರಳಿದಾಗ ಸಹಪಾಠಿಗಳು ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. 1905ರಲ್ಲಿ ಆಲಿವ್ ವಿಲಿಯಮ್ಸ್ ಅವರನ್ನು ವಿವಾಹವಾದರು. ಇವರ ಒಬ್ಬನೇ ಮಗ ಯೂಜಿನ್ 1908ರಲ್ಲಿ ಜನಿಸಿದರು.

## ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಮತ್ತು ಡೆಲ್ಕೊ

ಪದವಿಯ ನಂತರ ಕೆಟರಿಂಗ್ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯನ್ನು ಸೇರಿದರು. ಅಂಗಡಿಗಳಲ್ಲಿ ಹಣದ ಲೆಕ್ಕ ಇಡುವ ಯಂತ್ರವನ್ನು ಅದುವರೆಗೆ ಕೈಯಿಂದ ತಿರುಗಿಸಬೇಕಿತ್ತು. ಅದಕ್ಕೆ ಕೆಟರಿಂಗ್ ಪುಟ್ಟ ವಿದ್ಯುತ್ ಮೋಟಾರನ್ನು ಅಳವಡಿಸಿದರು. ಈ ಮೋಟಾರು ಸತತವಾಗಿ ಓಡಬೇಕಾಗಿರಲಿಲ್ಲ. ಕೆಲವೇ ಕ್ಷಣ ಬಲವಾಗಿ ತಿರುಗಿ ನಿಂತರೆ ಸಾಕಾಗಿತ್ತು. ಆದ್ದರಿಂದ ಅದರ ಗಾತ್ರವನ್ನು ಬಹಳ ಕಿರಿದಾಗಿ ಇಡಲು ಸಾಧ್ಯವಾಯಿತು. ಈ ತತ್ತ್ವವೇ ಮುಂದೆ ಸೆಲ್ಫ್ ಸ್ಟಾರ್ಟರ್‌ಗೆ ಆಧಾರವಾಯಿತು.

ಇದೇ ಕಂಪನಿಯಲ್ಲಿದ್ದ ಎಡ್ವರ್ಡ್ ಡೀಡ್ಸ್ ಅವರ ಒತ್ತಾಸೆಯಿಂದ ಕೆಟರಿಂಗ್ ಮೋಟಾರು ಕಾರುಗಳತ್ತ ಗಮನ ಹರಿಸಿದರು. ಡೀಡ್ಸ್ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಲವು ಸಹೋದ್ಯೋಗಿಗಳೊಡನೆ ಸಂಜೆಯ ವೇಳೆ ಪ್ರಯೋಗಗಳನ್ನು ನಡೆಸುತ್ತಿದ್ದರು. 1909ರಲ್ಲಿ ಇಬ್ಬರೂ ಸೇರಿ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯನ್ನು ಸ್ಥಾಪಿಸಿದರು. ಈ ಹೆಸರಿನ ಆದ್ಯಕ್ಷರಗಳೇ ಡೆಲ್ಕೊ.

## ಕೆಟರಿಂಗ್ ದಹನ ವ್ಯವಸ್ಥೆ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವು ತಕ್ಕ ಕ್ಷಣದಲ್ಲಿ, ತಕ್ಕಷ್ಟು ಬಲವಾದ ಕಿಡಿಯಿಂದ ಹೊತ್ತಿಕೊಳ್ಳಬೇಕು. ಕಿಡಿ ಹಾರದಿದ್ದರೆ ಅಥವಾ ದುರ್ಬಲವಾದರೆ ಆ ಸಿಲಿಂಡರ್ ಕೆಲಸ ಮಾಡದೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನೇಕ ಕಾರುಗಳು ಕಂಪಿಸುವ ಸಂಪರ್ಕವುಳ್ಳ ಕಾಯಿಲ್‌ಗಳನ್ನು ಬಳಸುತ್ತಿದ್ದವು. ಅವು ಒಂದು ಬಲವಾದ ಕಿಡಿಗೆ ಬದಲಾಗಿ ಸಣ್ಣ ಕಿಡಿಗಳ ಸರಣಿಯನ್ನು ಹೊರಡಿಸುತ್ತಿದ್ದವು. ಕಿಡಿಯ ಸಮಯ ನಿಖರವಾಗಿರುತ್ತಿರಲಿಲ್ಲ. ಬ್ಯಾಟರಿಯ ಸೆಲ್‌ಗಳು ಬೇಗನೆ ಬರಿದಾಗುತ್ತಿದ್ದವು.

ಕ್ಯಾಶ್ ರಿಜಿಸ್ಟರ್‌ಗಾಗಿ ರೂಪಿಸಿದ್ದ ವಿದ್ಯುತ್ಕಾಂತದ ಅನುಭವವನ್ನು ಬಳಸಿ ಕೆಟರಿಂಗ್ ಪ್ರತಿ ದಹನಕ್ಕೆ ಒಂದೇ ಪ್ರಬಲ ಕಿಡಿ ನೀಡುವ ವ್ಯವಸ್ಥೆಯನ್ನು ರಚಿಸಿದರು. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೇಲ್ಯಾಂಡ್ ಇದನ್ನು ಮೆಚ್ಚಿ 8,000 ಸೆಟ್‌ಗಳಿಗೆ ಬೇಡಿಕೆ ಇತ್ತರು. ಮುಂದೆ ಸುಧಾರಣೆಗೊಂಡು ಜಗತ್ತಿನಾದ್ಯಂತ ಹರಡಿದ ಈ ವಿಧಾನಕ್ಕೆ ಕೆಟರಿಂಗ್ ದಹನ ವ್ಯವಸ್ಥೆ ಎಂಬ ಹೆಸರೇ ಉಳಿಯಿತು.

ಈ ವ್ಯವಸ್ಥೆಯಲ್ಲಿ ಬ್ಯಾಟರಿಯ ವಿದ್ಯುತ್ತು ಕಾಯಿಲ್‌ನ ಪ್ರಾಥಮಿಕ ಸುರುಳಿಯ ಮೂಲಕ ಹರಿದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಎಂಜಿನ್ನಿನೊಡನೆ ತಿರುಗುವ ಕ್ಯಾಮ್ ಒಂದು ಜೊತೆ ಪಾಯಿಂಟ್‌ಗಳನ್ನು ತೆರೆದೊಡನೆ ಪ್ರವಾಹ ಕಡಿದು ಕಾಂತಕ್ಷೇತ್ರ ಕುಸಿಯುತ್ತದೆ. ಆಗ ಹೆಚ್ಚು ಸುತ್ತುಗಳುಳ್ಳ ದ್ವಿತೀಯ ಸುರುಳಿಯಲ್ಲಿ ಸಾವಿರಾರು ವೋಲ್ಟ್‌ಗಳ ಒತ್ತಡ ಹುಟ್ಟುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಆಯಾ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್‌ಗೆ ತಲುಪಿಸುತ್ತದೆ. ಪಾಯಿಂಟ್‌ಗಳು ಸುಟ್ಟುಹೋಗದಂತೆ ಹಾಗೂ ಪ್ರವಾಹ ಥಟ್ಟನೆ ಕಡಿಯುವಂತೆ ಕಂಡೆನ್ಸರ್ ನೋಡಿಕೊಳ್ಳುತ್ತದೆ.

ಭಾಗಗಳು ಬೇರೆ ಬೇರೆಯಾಗಿದ್ದುದರಿಂದ ದೋಷವನ್ನು ಒಂದೊಂದಾಗಿ ಪರೀಕ್ಷಿಸುವುದು ಸುಲಭವಾಯಿತು. ಓಡುತ್ತಿರುವ ಎಂಜಿನ್ನಿನಲ್ಲಿ ಒಂದೊಂದೇ ಪ್ಲಗ್‌ನ ಸಂಪರ್ಕ ತಪ್ಪಿಸಿದಾಗ ಯಾವ ಸಿಲಿಂಡರ್‌ನಲ್ಲಿ ಎಂಜಿನ್ನಿನ ವೇಗ ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ನಿಲ್ಲಿಸಿದೆ ಎಂದು ತಿಳಿಯುತ್ತದೆ. ಒಂದೇ ಸಿಲಿಂಡರ್ ಕೆಟ್ಟಿದ್ದರೆ ಪ್ಲಗ್, ಅದರ ತಂತಿ ಅಥವಾ ಆ ಸಿಲಿಂಡರ್‌ನ ವಾಲ್ವ್‌ಗಳತ್ತ ಗಮನ ಹರಿಸಬೇಕಾಗುತ್ತದೆ. ಎಲ್ಲ ಸಿಲಿಂಡರ್‌ಗಳಲ್ಲಿಯೂ ಕಿಡಿ ದುರ್ಬಲವಾಗಿದ್ದರೆ ಕಾಯಿಲ್, ಕಂಡೆನ್ಸರ್, ಪಾಯಿಂಟ್‌ಗಳಂತಹ ಸಮಾನ ಭಾಗಗಳನ್ನು ಶಂಕಿಸಬೇಕಾಗುತ್ತದೆ. ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದ ಮೆಕ್ಯಾನಿಕ್‌ಗಳು ಪಾಯಿಂಟ್ ಉಜ್ಜಿ, ಅಂತರ ಸರಿಪಡಿಸಿ, ಟೈಮಿಂಗ್ ಕೂರಿಸುತ್ತಿದ್ದುದು ಇದೇ ವ್ಯವಸ್ಥೆಯಲ್ಲಿ.

ಈ ವಿಧಾನಕ್ಕೆ ಮಿತಿಗಳೂ ಇದ್ದವು. ಪಾಯಿಂಟ್‌ಗಳು ಸವೆಯುತ್ತಿದ್ದವು. ಎಂಜಿನ್ನಿನ ವೇಗ ಹೆಚ್ಚಿದಂತೆ ಕಾಯಿಲ್‌ನಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳಲು ಸಮಯ ಸಾಲದೆ ಕಿಡಿ ಕ್ಷೀಣಿಸುತ್ತಿತ್ತು. 1970ರ ದಶಕದಿಂದ ಎಲೆಕ್ಟ್ರಾನಿಕ್ ದಹನ ವ್ಯವಸ್ಥೆ ಪಾಯಿಂಟ್‌ಗಳ ಸ್ಥಾನವನ್ನು ಆಕ್ರಮಿಸಿತು. ಆದರೆ ಕಾಯಿಲ್‌ನ ಪ್ರವಾಹವನ್ನು ಕಡಿದು ಕಿಡಿ ಪಡೆಯುವ ಮೂಲತತ್ತ್ವ ಇಂದಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿಯೂ ಮುಂದುವರಿದಿದೆ.

## ಸೆಲ್ಫ್ ಸ್ಟಾರ್ಟರ್

ಆ ಕಾಲದ ಕಾರುಗಳನ್ನು ಚಾಲೂ ಮಾಡಲು ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈ ಅಥವಾ ದವಡೆ ಮುರಿಯುವ ಅಪಾಯವಿತ್ತು. ಲೇಲ್ಯಾಂಡ್ ಅವರ ಪರಿಚಯಸ್ಥರೊಬ್ಬರು ಹೀಗೆ ಗಾಯಗೊಂಡು ಮೃತಪಟ್ಟದ್ದೇ ಸ್ಟಾರ್ಟರ್‌ನ ಹುಡುಕಾಟಕ್ಕೆ ಪ್ರೇರಣೆಯಾಯಿತೆಂದು ರೂಢಿಯಲ್ಲಿ ಹೇಳಲಾಗುತ್ತದೆ.

ಎಂಜಿನ್ನನ್ನು ತಿರುಗಿಸಬಲ್ಲ ವಿದ್ಯುತ್ ಮೋಟಾರು ಕಾರಿನಲ್ಲಿ ಹಿಡಿಸಲಾರದಷ್ಟು ದೊಡ್ಡದಾಗಬೇಕೆಂಬುದು ಆಗಿನ ಅನೇಕ ಎಂಜಿನಿಯರುಗಳ ಅಭಿಪ್ರಾಯವಾಗಿತ್ತು. ಕ್ಯಾಶ್ ರಿಜಿಸ್ಟರ್‌ನ ಅನುಭವದಿಂದ ಕೆಟರಿಂಗ್ ಇದನ್ನು ಒಪ್ಪಲಿಲ್ಲ. ಕೆಲವು ಕ್ಷಣ ಮಾತ್ರ ದುಡಿಯುವ ಸಣ್ಣ ಮೋಟಾರನ್ನು ಅಳವಡಿಸಿ, ಎಂಜಿನ್ ಚಾಲೂ ಆದ ಮೇಲೆ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ತುಂಬುವಂತೆ ಮಾಡಿದರು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಸ್ಟಾರ್ಟರ್, ದೀಪ ಹಾಗೂ ದಹನ ವ್ಯವಸ್ಥೆ ಒಟ್ಟಾಗಿ ಬಂದವು. ದೇಹಬಲವಿಲ್ಲದೆ ಕಾರನ್ನು ಚಾಲೂ ಮಾಡುವುದು ಇದರಿಂದ ಸಾಧ್ಯವಾಯಿತು.

## ನಾಕಿಂಗ್ ಸಮಸ್ಯೆಯ ಮೂಲಶೋಧ

ಬ್ಯಾಟರಿ ದಹನ ವ್ಯವಸ್ಥೆ ಹರಡಿದಂತೆ ಅದರ ಮೇಲೆ ಆರೋಪವೊಂದು ಬಂದಿತು. ಎಂಜಿನ್ನಿನ ಮೇಲೆ ಹೊರೆ ಬಿದ್ದಾಗ ಲೋಹವನ್ನು ಸುತ್ತಿಗೆಯಿಂದ ಬಡಿದಂತೆ ಸದ್ದು ಕೇಳಿಸುತ್ತಿತ್ತು. ಶಕ್ತಿ ಕುಂದುತ್ತಿತ್ತು. ಕೆಲವೊಮ್ಮೆ ಪಿಸ್ಟನ್‌ಗಳು ಒಡೆಯುತ್ತಿದ್ದವು. ಡೆಲ್ಕೊ ತಯಾರಿಸುತ್ತಿದ್ದ ತೋಟದ ಮನೆಗಳ ವಿದ್ಯುತ್ ಉತ್ಪಾದಕ ಎಂಜಿನ್‌ಗಳು ಸೀಮೆಎಣ್ಣೆಯಲ್ಲಿ ಓಡುವಾಗ ಈ ದೋಷ ಇನ್ನಷ್ಟು ತೀವ್ರವಾಗಿತ್ತು. ಕೆಟರಿಂಗ್ ಅವರ ದಹನ ವ್ಯವಸ್ಥೆಯೇ ಇದಕ್ಕೆ ಕಾರಣವೆಂದು ಟೀಕಾಕಾರರು ಭಾವಿಸಿದ್ದರು. 1916ರಲ್ಲಿ ಕೆಟರಿಂಗ್ ಈ ಸಮಸ್ಯೆಯ ಅಧ್ಯಯನವನ್ನು ಸಂಸ್ಥೆಗೆ ಹೊಸದಾಗಿ ಸೇರಿದ್ದ ತಾಮಸ್ ಮಿಜ್ಲಿ ಅವರಿಗೆ ವಹಿಸಿದರು.

ಸಿಲಿಂಡರ್‌ನೊಳಗಿನ ಒತ್ತಡದ ಏರಿಳಿತವನ್ನು ಬೆಳಕಿನ ಗೆರೆಯಾಗಿ ದಾಖಲಿಸುವ ಉಪಕರಣವನ್ನು ಬಳಸಿ ಪರೀಕ್ಷಿಸಿದಾಗ, ಬಡಿತವು ಕಿಡಿಗೆ ಮುಂಚೆ ಅಲ್ಲ, ಕಿಡಿ ಹಾರಿ ದಹನ ಆರಂಭವಾದ ನಂತರ ಸಂಭವಿಸುತ್ತದೆ ಎಂಬುದು ಸ್ಪಷ್ಟವಾಯಿತು. ಅಂದರೆ ಮಿಶ್ರಣವು ಅವಧಿಗೆ ಮುನ್ನ ಹೊತ್ತಿಕೊಳ್ಳುವ ದೋಷ ಬೇರೆ, ನಾಕಿಂಗ್ ಬೇರೆ. ಜ್ವಾಲೆ ಹರಡುತ್ತಿರುವಾಗ ಇನ್ನೂ ಉರಿಯದೆ ಉಳಿದ ಮಿಶ್ರಣವು ಒತ್ತಡ ಮತ್ತು ಶಾಖದಿಂದ ಒಮ್ಮೆಲೇ ಸಿಡಿಯುವುದೇ ನಾಕಿಂಗ್ ಎಂಬುದು ಇಂದು ತಿಳಿದಿದೆ. ದೋಷದ ಮೂಲ ಕಿಡಿಯಲ್ಲಿರದೆ ಇಂಧನದ ಗುಣದಲ್ಲಿತ್ತು.

ಇಂಧನಕ್ಕೆ ಕೆಂಪು ಬಣ್ಣವಿದ್ದರೆ ಅದು ಶಾಖವನ್ನು ಹೀರಿಕೊಂಡು ಬೇಗ ಆವಿಯಾಗಿ ಬಡಿತವನ್ನು ತಡೆಯಬಹುದೆಂದು ಆರಂಭದಲ್ಲಿ ಊಹಿಸಲಾಗಿತ್ತು. ಎಣ್ಣೆಯಲ್ಲಿ ಕರಗುವ ಬಣ್ಣ ಪ್ರಯೋಗಾಲಯದಲ್ಲಿ ಇಲ್ಲದ ಕಾರಣ ಮಿಜ್ಲಿ ಅಯೋಡಿನ್ ಬೆರೆಸಿದರು. ಬಡಿತ ನಿಂತಿತು. ಅಲ್ಲಿಗೆ ತೃಪ್ತರಾಗದೆ ಬೇರೆ ಕೆಂಪು ಬಣ್ಣಗಳನ್ನು ಬೆರೆಸಿ ನೋಡಿದಾಗ ಅವು ಯಾವ ಪರಿಣಾಮವನ್ನೂ ಬೀರಲಿಲ್ಲ. ಬಣ್ಣವಿಲ್ಲದ ಅಯೋಡಿನ್ ಸಂಯುಕ್ತ ಮಾತ್ರ ಬಡಿತವನ್ನು ತಡೆಯಿತು. ಹೀಗೆ ಬಣ್ಣದ ಊಹೆ ಬಿದ್ದುಹೋಗಿ, ಕಾರಣ ರಾಸಾಯನಿಕವಾದುದೆಂದು ಸಿದ್ಧವಾಯಿತು. ಅಯೋಡಿನ್ ದುಬಾರಿಯಾಗಿದ್ದು ಲೋಹವನ್ನು ಕೊರೆಯುತ್ತಿದ್ದುದರಿಂದ ಬಳಕೆಗೆ ಯೋಗ್ಯವಾಗಿರಲಿಲ್ಲ. ಅನಿಲೀನ್, ಸೆಲೆನಿಯಮ್, ಟೆಲ್ಲೂರಿಯಮ್ ಸಂಯುಕ್ತಗಳನ್ನು ಪರೀಕ್ಷಿಸಿದ ಬಳಿಕ ಡಿಸೆಂಬರ್ 9, 1921ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವು ಅತ್ಯಲ್ಪ ಪ್ರಮಾಣದಲ್ಲಿಯೇ ನಾಕಿಂಗನ್ನು ತಡೆಯುತ್ತದೆ ಎಂದು ಕಂಡುಬಂದಿತು.

## ತಾಮ್ರ ಶೀತಕ ಎಂಜಿನ್ನಿನ ವೈಫಲ್ಯ

ಡೆಲ್ಕೊ ಸಂಸ್ಥೆಯು 1916ರಲ್ಲಿ ಯುನೈಟೆಡ್ ಮೋಟಾರ್ಸ್‌ಗೆ ಮಾರಾಟವಾಗಿ ಅದರ ಮೂಲಕ ಜನರಲ್ ಮೋಟಾರ್ಸ್ ಸೇರಿತು. 1920ರಲ್ಲಿ ಸಂಶೋಧನಾ ವಿಭಾಗದ ಹೊಣೆ ಹೊತ್ತ ಕೆಟರಿಂಗ್ ನೀರಿನ ರೇಡಿಯೇಟರ್ ಬೇಕಿಲ್ಲದ, ಗಾಳಿಯಿಂದ ತಣಿಯುವ ಎಂಜಿನ್ನನ್ನು ರೂಪಿಸಲು ತೊಡಗಿದರು. ಸಿಲಿಂಡರ್‌ಗಳ ಸುತ್ತ ಶಾಖವನ್ನು ಬೇಗ ಒಯ್ಯುವ ತಾಮ್ರದ ರೆಕ್ಕೆಗಳನ್ನು ಬೆಸೆಯಲಾಗಿತ್ತು. 1923ರ ಆರಂಭದಲ್ಲಿ ಷೆವ್ರೊಲೆ ವಿಭಾಗ ಈ ಕಾರನ್ನು ಪ್ರದರ್ಶಿಸಿತು.

ಎಂಜಿನ್ ಬಿಸಿಯಾದಂತೆ ಶಕ್ತಿ ಕುಂದುವುದು, ಅಕಾಲ ದಹನ ಹಾಗೂ ಇತರ ದೋಷಗಳ ಬಗ್ಗೆ ದೂರುಗಳು ಬಂದವು. ಗ್ರಾಹಕರ ಕೈಸೇರಿದ್ದ ಸುಮಾರು ನೂರು ಕಾರುಗಳನ್ನು ಅದೇ ವರ್ಷ ಹಿಂದಕ್ಕೆ ಪಡೆಯಲಾಯಿತು. ತಯಾರಿಕಾ ವಿಭಾಗಗಳ ಅಸಹಕಾರವೇ ವೈಫಲ್ಯಕ್ಕೆ ಕಾರಣವೆಂದು ಕೆಟರಿಂಗ್ ನಂಬಿದ್ದರು. ವಿನ್ಯಾಸ ಇನ್ನೂ ಪಕ್ವವಾಗಿರಲಿಲ್ಲವೆಂಬುದು ವಿಭಾಗಗಳ ನಿಲುವಾಗಿತ್ತು. ಮನನೊಂದು ರಾಜೀನಾಮೆಗೆ ಮುಂದಾದ ಇವರನ್ನು ಆಗಷ್ಟೇ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಸ್ಲೋನ್ ಉಳಿಸಿಕೊಂಡರು.

## ಸೀಸಯುಕ್ತ ಪೆಟ್ರೋಲ್ ಮತ್ತು ವಿವಾದ

ಫೆಬ್ರವರಿ 1923ರಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಡೇಟನ್ ನಗರದಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಸೀಸದ ಉಳಿಕೆ ಸ್ಪಾರ್ಕ್ ಪ್ಲಗ್ ಮತ್ತು ವಾಲ್ವ್‌ಗಳ ಮೇಲೆ ಕಟ್ಟಿಕೊಂಡು ಹೊಸ ದೋಷ ಉಂಟಾದಾಗ, ಅದನ್ನು ಹೊಗೆಯೊಡನೆ ಹೊರಹಾಕಲು ಬ್ರೋಮಿನ್ ಸಂಯುಕ್ತವನ್ನು ಸೇರಿಸಲಾಯಿತು. ಇದರಿಂದ ಎಂಜಿನ್ ಶುಚಿಯಾಗಿ ಉಳಿಯಿತು. ಸೀಸವು ಹೊಗೆಯ ಮೂಲಕ ಗಾಳಿಯನ್ನು ಸೇರಿತು. 1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಒಟ್ಟಾಗಿ ಈಥೈಲ್ ಗ್ಯಾಸೊಲೀನ್ ಕಾರ್ಪೊರೇಷನ್ ಸ್ಥಾಪಿಸಿದವು. ಕೆಟರಿಂಗ್ ಅದರ ಮೊದಲ ಅಧ್ಯಕ್ಷರಾದರು.

ಸೀಸ ವಿಷಕಾರಿ ಎಂಬುದು ಆಗಲೇ ತಿಳಿದಿದ್ದ ಸಂಗತಿಯಾಗಿತ್ತು. ಅಕ್ಟೋಬರ್ 1924ರಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಟೆಟ್ರಾಈಥೈಲ್ ಲೆಡ್ ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಮೃತಪಟ್ಟರು. ಡೇಟನ್ ಮತ್ತು ಡೀಪ್‌ವಾಟರ್ ಘಟಕಗಳಲ್ಲಿಯೂ ಸಾವುಗಳು ಸಂಭವಿಸಿದ್ದವು. ಮೇ 1925ರಲ್ಲಿ ಅಮೆರಿಕದ ಸರ್ಜನ್ ಜನರಲ್ ಕರೆದ ಸಮ್ಮೇಳನದಲ್ಲಿ ಕೆಟರಿಂಗ್ ಈ ಇಂಧನದ ಅಗತ್ಯವನ್ನು ಸಮರ್ಥಿಸಿದರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಮೊದಲಾದವರು ಸಾರ್ವಜನಿಕ ಆರೋಗ್ಯದ ಮೇಲಿನ ದೀರ್ಘಕಾಲೀನ ಪರಿಣಾಮದ ಬಗ್ಗೆ ಎಚ್ಚರಿಸಿದರು. ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅಲ್ಪಾವಧಿಯ ಅಧ್ಯಯನ ನಡೆಸಿದ ಸಮಿತಿಯು ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲವೆಂದು 1926ರಲ್ಲಿ ವರದಿ ಮಾಡಿದ ಮೇಲೆ ಮಾರಾಟ ಪುನರಾರಂಭವಾಯಿತು.

ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ಕಡಿಮೆಯಾಗುತ್ತದೆ ಎಂಬುದು ಕೆಟರಿಂಗ್ ಅವರ ತಂಡಕ್ಕೆ ಗೊತ್ತಿತ್ತು. ಆದರೆ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಬೆರೆಸಬೇಕಿತ್ತು. ಸೀಸದ ಸಂಯುಕ್ತ ಅಲ್ಪ ಪ್ರಮಾಣದಲ್ಲಿ ಸಾಕಾಗುತ್ತಿತ್ತಲ್ಲದೆ ಅದರ ಬಳಕೆಗೆ ಪೇಟೆಂಟ್ ಪಡೆಯಲು ಸಾಧ್ಯವಿತ್ತು. ಆಯ್ಕೆಯಲ್ಲಿ ಲಾಭದ ಪಾತ್ರ ದೊಡ್ಡದಾಗಿತ್ತೆಂದು ಹಲವು ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ.

1960ರ ದಶಕದಲ್ಲಿ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್ ಪರಿಸರದಲ್ಲಿ ಸೀಸದ ಪ್ರಮಾಣ ಸಹಜ ಮಟ್ಟಕ್ಕಿಂತ ಬಹಳ ಹೆಚ್ಚಿದೆಯೆಂದು ತೋರಿಸಿಕೊಟ್ಟರು. ಮಕ್ಕಳ ಬೌದ್ಧಿಕ ಬೆಳವಣಿಗೆಗೆ ಸೀಸ ಮಾಡುವ ಹಾನಿಯೂ ಸ್ಪಷ್ಟವಾಯಿತು. ಅಮೆರಿಕದಲ್ಲಿ 1970ರ ದಶಕದಲ್ಲಿ ಆರಂಭವಾದ ನಿಯಂತ್ರಣವು 1996ರಲ್ಲಿ ರಸ್ತೆ ವಾಹನಗಳಿಗೆ ಪೂರ್ಣ ನಿಷೇಧವಾಯಿತು. ಭಾರತದಲ್ಲಿ 2000ನೇ ಇಸವಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. 2021ರಲ್ಲಿ ಅಲ್ಜೀರಿಯಾ ಮಾರಾಟ ನಿಲ್ಲಿಸುವುದರೊಂದಿಗೆ ಜಗತ್ತಿನಾದ್ಯಂತ ಕಾರುಗಳಿಗೆ ಸೀಸಯುಕ್ತ ಪೆಟ್ರೋಲಿನ ಬಳಕೆ ಕೊನೆಗೊಂಡಿತು.

## ಡೀಸೆಲ್ ಎಂಜಿನ್ ಮತ್ತು ಇತರ ಕಾರ್ಯಗಳು

ಕೆಟರಿಂಗ್ ಮತ್ತು ಅವರ ಮಗ ಯೂಜಿನ್ ಹಗುರವಾದ ಎರಡು ಸ್ಟ್ರೋಕ್ ಡೀಸೆಲ್ ಎಂಜಿನ್‌ನ ಬೆಳವಣಿಗೆಯಲ್ಲಿ ತೊಡಗಿದ್ದರು. 1933ರ ಷಿಕಾಗೊ ವಿಶ್ವ ಪ್ರದರ್ಶನದಲ್ಲಿ ವಿದ್ಯುತ್ ಒದಗಿಸುತ್ತಿದ್ದ ಎರಡು ಎಂಜಿನ್‌ಗಳು ಪದೇ ಪದೇ ಕೆಡುತ್ತಿದ್ದು, ಅವನ್ನು ರಾತ್ರಿಯ ವೇಳೆ ಬಿಚ್ಚಿ ದುರಸ್ತಿ ಮಾಡಲಾಗುತ್ತಿತ್ತು. ಆ ಅನುಭವದಿಂದ ಸುಧಾರಿಸಿದ ಎಂಜಿನ್ 1934ರಲ್ಲಿ ಬರ್ಲಿಂಗ್ಟನ್ ಜೆಫರ್ ರೈಲನ್ನು ಎಳೆಯಿತು. 1938ರಲ್ಲಿ ಬಂದ 567 ಸರಣಿಯ ಎಂಜಿನ್ ಉಗಿಬಂಡಿಗಳ ಯುಗವನ್ನು ಕೊನೆಗಾಣಿಸುವಲ್ಲಿ ಮಹತ್ವದ ಪಾತ್ರ ವಹಿಸಿತು. 1960ರ ದಶಕದಲ್ಲಿ ಭಾರತೀಯ ರೈಲ್ವೆಗೆ ಬಂದ ಡಬ್ಲ್ಯುಡಿಎಂ-4 ಲೋಕೋಮೋಟಿವ್‌ಗಳಲ್ಲಿ ಈ ಸರಣಿಯ ಎಂಜಿನ್ ಇತ್ತು. ಹುಬ್ಬಳ್ಳಿಯ ಡೀಸೆಲ್ ಷೆಡ್ಡಿನಲ್ಲಿ ನಿರ್ವಹಣೆಗೊಳ್ಳುತ್ತಿದ್ದ ಡಬ್ಲ್ಯುಡಿಜಿ-4 ಲೋಕೋಮೋಟಿವ್‌ಗಳ 710 ಸರಣಿಯ ಎಂಜಿನ್ ಇದೇ ವಂಶಕ್ಕೆ ಸೇರಿದ್ದು.

ಬೇಗ ಒಣಗುವ ಡ್ಯೂಕೊ ಬಣ್ಣದ ಬಳಕೆ ಹಾಗೂ ಶೈತ್ಯಯಂತ್ರಗಳಿಗೆ ಬಳಸುವ ಫ್ರಿಯಾನ್ ಅನಿಲದ ಶೋಧ ಕೆಟರಿಂಗ್ ನೇತೃತ್ವದ ಅವಧಿಯಲ್ಲಿ ನಡೆದವು. ಮಿಜ್ಲಿ ಮತ್ತು ಸಂಗಡಿಗರು ರೂಪಿಸಿದ ಫ್ರಿಯಾನ್ ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ ಎಂಬುದು ದಶಕಗಳ ನಂತರ ತಿಳಿಯಿತು. 1918ರಲ್ಲಿ ಕೆಟರಿಂಗ್ ಮಾನವರಹಿತ ಹಾರುವ ಬಾಂಬ್ ಒಂದನ್ನೂ ರೂಪಿಸಿದ್ದರು. ಅದು ಯುದ್ಧದಲ್ಲಿ ಬಳಕೆಯಾಗಲಿಲ್ಲ.

## ಕೊನೆಯ ದಿನಗಳು

1945ರಲ್ಲಿ ಆಲ್ಫ್ರೆಡ್ ಸ್ಲೋನ್ ಅವರೊಡನೆ ನ್ಯೂಯಾರ್ಕ್‌ನಲ್ಲಿ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. 1946ರಲ್ಲಿ ಪತ್ನಿ ಆಲಿವ್ ನಿಧನರಾದರು. 1947ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ 12.5:1 ಸಂಕೋಚನ ಅನುಪಾತವುಳ್ಳ ಪ್ರಾಯೋಗಿಕ ಎಂಜಿನ್ನನ್ನು ಪರಿಚಯಿಸಿ, ಕಡಿಮೆ ಇಂಧನದಿಂದ ಹೆಚ್ಚು ಶಕ್ತಿ ಪಡೆಯುವ ದಾರಿಯನ್ನು ತೋರಿಸಿದರು. ನವೆಂಬರ್ 25, 1958ರಂದು ಡೇಟನ್‌ನಲ್ಲಿ ನಿಧನರಾದರು. ಓಹಾಯೋದ ಕೆಟರಿಂಗ್ ನಗರಕ್ಕೂ ಮಿಷಿಗನ್‌ನ ಫ್ಲಿಂಟ್‌ನಲ್ಲಿರುವ ಕೆಟರಿಂಗ್ ವಿಶ್ವವಿದ್ಯಾಲಯಕ್ಕೂ ಇವರ ಹೆಸರನ್ನಿಡಲಾಗಿದೆ.

## ಪ್ರಭಾವ ಮತ್ತು ಮೌಲ್ಯಮಾಪನ

ನಾಕಿಂಗ್ ಕುರಿತ ಸಂಶೋಧನೆಯಿಂದ ಇಂಧನದ ಗುಣವನ್ನು ಅಳೆಯುವ ಆಕ್ಟೇನ್ ಸಂಖ್ಯೆಯ ಮಾಪನ ಬೆಳೆಯಿತು. ಇಂದಿನ ಕಾರುಗಳಲ್ಲಿ ನಾಕ್ ಸೆನ್ಸರ್ ಬಡಿತವನ್ನು ಗುರುತಿಸಿದಾಗ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದೂಡುತ್ತದೆ. ಇದರಿಂದ ಎಂಜಿನ್ ಸುರಕ್ಷಿತವಾಗಿರುತ್ತದೆ, ಆದರೆ ಚಾಲಕನಿಗೆ ಶಕ್ತಿ ಕುಂದಿದ ಅನುಭವವಾಗುತ್ತದೆ. ಹಾಗಾಗಿ ಶಕ್ತಿ ಕುಂದಿದಾಗ ದಹನ ವ್ಯವಸ್ಥೆ, ಇಂಧನ, ಶಾಖ ಇವುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಕ್ರಮ ಈಗಲೂ ಅಗತ್ಯವಾಗಿದೆ. ಭಾರತದಲ್ಲಿ ಪೆಟ್ರೋಲಿಗೆ ಬೆರೆಸಲಾಗುತ್ತಿರುವ ಎಥನಾಲ್ ಆಕ್ಟೇನ್ ಸಂಖ್ಯೆಯನ್ನು ಹೆಚ್ಚಿಸುವ ಗುಣವುಳ್ಳದ್ದು. ಕೆಟರಿಂಗ್ ಅವರ ತಂಡ ಬದಿಗಿಟ್ಟ ಆಲ್ಕೋಹಾಲ್ ಇದೇ.

ಎಂಜಿನ್ನಿನ ದೋಷಕ್ಕೆ ಮೊದಲು ತೋರಿದ ಕಾರಣವನ್ನೇ ಒಪ್ಪಿಕೊಳ್ಳದೆ ಪ್ರಯೋಗದಿಂದ ಖಚಿತಪಡಿಸಿಕೊಳ್ಳುವ ಕ್ರಮ ಕೆಟರಿಂಗ್ ಅವರ ಮುಖ್ಯ ಕೊಡುಗೆಯೆಂದು ಪರಿಗಣಿತವಾಗಿದೆ. ಅದೇ ಕಟ್ಟುನಿಟ್ಟಿನ ಪರೀಕ್ಷೆಯನ್ನು ಎಂಜಿನ್ನಿನಿಂದ ಹೊರಬೀಳುವ ಸೀಸಕ್ಕೆ ಅನ್ವಯಿಸಲಿಲ್ಲವೆಂಬುದು ಇವರ ಮೇಲಿನ ಪ್ರಮುಖ ಟೀಕೆಯಾಗಿದೆ.